‘ನೋಡಪ್ಪಾ’ ಎನ್ನಬಾರದು

ನಾನು ಆಪ್ತಸಮಾಲೋಚನೆ ಕಲಿಸುವ ಮೇಷ್ಟ್ರು ಎಂದು ಹೇಳಿಕೊಳ್ಳುವುದನ್ನು ಬಿಟ್ಟು ಬಹಳ ಕಾಲವಾಯಿತು. ಆ ಪದ ಕಿವಿಗೆ ಬಿದ್ದವರು ನನಗೇ ಏನೋ ಆಗಿದೆ ಎಂಬಂತೆ ಸ್ವಲ್ಪ ಪಕ್ಕಕ್ಕೆ ಸರಿದು ಕೂರುತ್ತಾರೆ. ಹೋಗಲಿ, ‘ಕೌನ್ಸೆಲಿಂಗ್ ಕಲಿಸ್ತೀನಿ’ ಎಂದರೆ ಇನ್ನೊಂದು ಫಜೀತಿ. 1994ರಲ್ಲಿ ಸಿಇಟಿ ಶುರುವಾದ ಮೇಲೆ ನಮ್ಮ ರಾಜ್ಯದಲ್ಲಿ ಕೌನ್ಸೆಲಿಂಗ್ ಎಂದರೆ ಸೀಟು ಹಂಚುವುದು. ಮದುವೆಮನೆಯ ಪಂಕ್ತಿಯಲ್ಲಿ ಪಕ್ಕದ ಎಲೆಯವರು ಹೋಳಿಗೆಗೆ ತುಪ್ಪ ಹಾಕಿಸಿಕೊಳ್ಳುತ್ತಲೇ, ‘ಸಾರ್, ಮಗನಿಗೆ 42 ಸಾವಿರದ ರ‍್ಯಾಂಕು. ಚಾಯ್ಸ್ ಒಂದು ಒತ್ತೋದಾ, ಎರಡು ಒತ್ತೋದಾ?’ ಎನ್ನುತ್ತಾರೆ. ಶಾಲಾ ಮೇಷ್ಟ್ರುಗಳಿಗಾದರೆ ಕೌನ್ಸೆಲಿಂಗ್ ಎಂದರೆ ವರ್ಗಾವಣೆ. ಹಳೆಯ ವಿದ್ಯಾರ್ಥಿಯೊಬ್ಬ ಒಂದು ರಾತ್ರಿ ಫೋನ್ ಮಾಡಿ, ‘ಸಾರ್, ನಾಳೆ ಕೌನ್ಸೆಲಿಂಗು. ತುಂಬಾ ಟೆನ್ಷನ್ ಆಗ್ತಿದೆ’ ಎಂದ. ನಾನು ಹಾಸಿಗೆಯಲ್ಲಿ ಎದ್ದು ಕೂತು, ದನಿ ತಗ್ಗಿಸಿ, ‘ಮನಸ್ಸಿನಲ್ಲಿ ಏನಿದೆಯೋ ಹೇಳು’ ಎಂದೆ.

‘ಮನಸ್ಸಿನಲ್ಲಿ ಅರಸೀಕೆರೆ ಇದೆ ಸಾರ್. ಖಾಲಿ ಇದೆಯಾ ಅಂತ ವಿಚಾರಿಸಿ ಹೇಳ್ತೀರಾ?’

ಈ ವಿಷಯಕ್ಕೆ ನಾನು ಬಂದದ್ದೂ ಒಂದು ಬಗೆಯ ಸೀಟು ಹಂಚಿಕೆಯಿಂದಲೇ. 22 ವರ್ಷದ ಹಿಂದೆ ಬಿ.ಎಡ್. ಕಾಲೇಜಿಗೆ ಸೇರಿದಾಗ ಹಿರಿಯರು ಮನೋವಿಜ್ಞಾನ, ತತ್ತ್ವಶಾಸ್ತ್ರ, ಮೌಲ್ಯಮಾಪನಗಳನ್ನೆಲ್ಲ ಬಡಿಸಿಕೊಂಡಾಗಿತ್ತು. ತಪ್ಪಲೆಯ ತಳಕ್ಕೆ ಹತ್ತಿದ ಸೀಕಿನ ಹಾಗೆ ‘ಮಾರ್ಗದರ್ಶನ ಮತ್ತು ಆಪ್ತಸಮಾಲೋಚನೆ’ ಉಳಿದಿತ್ತು. ‘ನಿಮಗೆ ತಾಳ್ಮೆ ಇದೆ, ಮುಖ ನೋಡಿದರೇ ಗೊತ್ತಾಗುತ್ತೆ’ ಎಂದರು ಅಂದಿನ ಪ್ರಾಂಶುಪಾಲರು. ಅದು ತಾಳ್ಮೆಯಲ್ಲ, ಬೆಳಗಿನ ಆರರ ಬಸ್ಸಿನಲ್ಲಿ ನಿಂತು ಬಂದ ಆಯಾಸ.

ಪಾಠ ಮಾಡಬೇಕಲ್ಲ ಎಂದು ಓದತೊಡಗಿದಾಗ ಸಿಕ್ಕವನು ಫ್ರಾಂಕ್ ಪಾರ್ಸನ್ಸ್. ಎಂಜಿನಿಯರಿಂಗ್ ಓದಿದ, ರೈಲ್ವೆಯಲ್ಲಿ ದುಡಿದ, ಮೇಷ್ಟ್ರಾದ, ಲಾಯರ್ ಆದ, ಬಾಸ್ಟನ್ನಿನ ಮೇಯರ್ ಆಗಲು ಚುನಾವಣೆಗೆ ನಿಂತು ಸೋತ. ಒಂದು ಕೆಲಸದಲ್ಲೂ ನೆಲೆ ನಿಲ್ಲದ ಈ ಪುಣ್ಯಾತ್ಮ 1908ರಲ್ಲಿ ಅದೇ ಊರಿನಲ್ಲಿ ಹುಡುಗರಿಗೆ ಉದ್ಯೋಗ ಆರಿಸಿಕೊಡುವ ಕಚೇರಿ ತೆರೆದ. ಅದೇ ವರ್ಷ ತೀರಿಕೊಂಡ. ಅವನ ಪುಸ್ತಕ ಹೊರಬಂದದ್ದು ಮರುವರ್ಷ. ನಮ್ಮ ಶಾಸ್ತ್ರದ ಮೂಲಪುರುಷ ಅವನೇ. ಈ ಕಥೆ ಕೇಳುವಾಗ ಪ್ರಶಿಕ್ಷಣಾರ್ಥಿಗಳ ಮುಖ ಅರಳುವುದನ್ನು ನೋಡಬೇಕು. ಬ್ಯಾಂಕು, ರೈಲ್ವೆ, ಪಿಎಸ್‌ಐ, ಎಫ್‌ಡಿಎ ಎಲ್ಲ ಪರೀಕ್ಷೆಗಳನ್ನೂ ಮುಗಿಸಿಕೊಂಡು ಬಿ.ಎಡ್.ಗೆ ಬಂದವರು ಅವರು. ಕೊನೆಗೂ ಕುಲದೇವರು ಸಿಕ್ಕಿದ ಸಮಾಧಾನ.

ಪಾಠದ ಸಾರ ಇಷ್ಟೇ: ಮಗು ಮಾತಾಡಲಿ, ನೀವು ಕೇಳಿ, ಬುದ್ಧಿ ಹೇಳಬೇಡಿ. ಇದನ್ನು ಹೇಳುವುದಕ್ಕೆ ನಾನು ವಾರಕ್ಕೆ ನಾಲ್ಕು ಗಂಟೆ ಒಂದೇ ಸಮನೆ ಮಾತಾಡುತ್ತೇನೆ. ಅಷ್ಟೂ ಹೊತ್ತು ಯಾರೂ ಬಾಯಿ ಬಿಡಕೂಡದು. ಅನುಭೂತಿಗೂ ಸಹಾನುಭೂತಿಗೂ ಇರುವ ವ್ಯತ್ಯಾಸ ಎರಡು ಅಂಕದ ಪ್ರಶ್ನೆ. ಅದರಲ್ಲಿ ಅರ್ಧ ಅಂಕ ಕಳೆದಿದ್ದಕ್ಕೆ ಅಳುತ್ತಾ ಬಂದ ಹುಡುಗಿಯೊಬ್ಬಳಿಗೆ ನಾನು ಎರಡನ್ನೂ ತೋರಿಸಲಿಲ್ಲ. ನಿಯಮ ನಿಯಮವೇ.

ಪಾತ್ರಾಭಿನಯದ ತರಗತಿ ಮಾತ್ರ ಸೊಗಸು. ಒಬ್ಬ ಓದಿನಲ್ಲಿ ಆಸಕ್ತಿ ಕಳೆದುಕೊಂಡ ಒಂಬತ್ತನೇ ತರಗತಿಯ ಹುಡುಗ, ಇನ್ನೊಬ್ಬ ಸಮಾಲೋಚಕ. ಮೊದಲ ಅರ್ಧ ನಿಮಿಷ ಸಮಾಲೋಚಕ ತಲೆಯಾಡಿಸುತ್ತಾನೆ. ಆಮೇಲೆ ಕುರ್ಚಿಯನ್ನು ಮುಂದಕ್ಕೆಳೆದುಕೊಂಡು ‘ನೋಡಪ್ಪಾ...’ ಎಂದು ಶುರುಮಾಡುತ್ತಾನೆ. ಆ ಪದ ಬಂತೆಂದರೆ ಮುಗಿಯಿತು. ಹಿಂದೆಯೇ ಅಪ್ಪನ ಬೆವರು, ಅಮ್ಮನ ಕಣ್ಣೀರು, ಬೀದಿದೀಪದ ಕೆಳಗೆ ಓದಿದ ವಿಶ್ವೇಶ್ವರಯ್ಯನವರು ಸಾಲಾಗಿ ಬರುತ್ತಾರೆ. ಅದಕ್ಕೇ ‘ನೋಡಪ್ಪಾ’ ಎಂದವರಿಗೆ ಒಂದು ರೂಪಾಯಿ ದಂಡ ಹಾಕಿದೆ. ವರ್ಷದ ಕೊನೆಗೆ ಡಬ್ಬಿ ಒಡೆದು ಎಲ್ಲರಿಗೂ ಮಸಾಲೆದೋಸೆ ಕೊಡಿಸಿದೆವು. ಹೆಚ್ಚು ದಂಡ ಕಟ್ಟಿದವನು ನಾನೇ. ‘ನೋಡ್ರಪ್ಪಾ, ನೋಡಪ್ಪಾ ಅನ್ನಬಾರದು’ ಎಂದು ಎಚ್ಚರಿಸುವಾಗಲೇ ಎರಡು ರೂಪಾಯಿ ಹೋಗುತ್ತಿತ್ತು.

ಒಮ್ಮೆ, ಬುದ್ಧಿ ಹೇಳದೆ ಕೇಳುವ ಈ ವಿಧಾನದ ಗುರು, ಮನೋವಿಜ್ಞಾನಿ ಕಾರ್ಲ್ ರೋಜರ್ಸ್ ಕೆಲಸ ಮಾಡುವ ಬಗೆಯನ್ನು ಕಣ್ಣಾರೆ ನೋಡಲಿ ಎಂದು 1965ರ ಪ್ರಸಿದ್ಧ ಚಿತ್ರ ತೋರಿಸಿದೆ. ವಿಚ್ಛೇದಿತ ತಾಯಿ ಗ್ಲೋರಿಯಾ, ಮಗಳಿಗೆ ಒಂದು ಸುಳ್ಳು ಹೇಳಿ ಕೊರಗುತ್ತಿದ್ದಾಳೆ. ಏನು ಮಾಡಲಿ ಹೇಳಿ ಎಂದು ಮತ್ತೆ ಮತ್ತೆ ಕೇಳುತ್ತಾಳೆ. ರೋಜರ್ಸ್ ಮಾತ್ರ ಮೆಲುದನಿಯಲ್ಲಿ ಅವಳ ಮಾತನ್ನು ಅವಳಿಗೇ ತಿರುಗಿಸುತ್ತಾರೆ. ಚಿತ್ರ ಮುಗಿಯಿತು. ಕೊಪ್ಪಳದ ಕಡೆಯ ಹುಡುಗ ಎದ್ದು ನಿಂತ. ‘ಸರ, ಕಡೀಕ ಆಕಿಗೆ ಏನ್ ಹೇಳಿದ್ರ‍್ರೀ ಅವ್ರು?’

‘ಏನೂ ಹೇಳಲಿಲ್ಲ. ಅದೇ ವಿಶೇಷ.’

‘ಹಂಗಂದ್ರ ಫೀಸ್ ಯಾಕ್ರೀ ಸರ?’

ನಾನಂತೂ ರೋಜರ್ಸರ ವಿಧಾನಕ್ಕೆ ಮಾರುಹೋಗಿ ಮನೆಯಲ್ಲೂ ಪ್ರಯೋಗಿಸಿದೆ. ಅಮ್ಮ ಮೊಣಕಾಲು ಹಿಡಿದುಕೊಂಡು ‘ಅಯ್ಯೋ ನೋವು ಕಣೋ’ ಎಂದಳು. ‘ಅಂದರೆ ನಿನಗೆ ಮೊಣಕಾಲು ನೋಯುತ್ತಿದೆ ಅನ್ನಿಸುತ್ತಿದೆ’ ಎಂದೆ. ‘ಅನ್ನಿಸೋದೇನು ಬಂತು, ನೋಯ್ತಿದೆ! ಆ ಎಣ್ಣೆ ಬಾಟ್ಲಿ ತಾ’ ಎಂದಳು. ಹೆಂಡತಿಯ ಮೇಲಿನ ಪ್ರಯೋಗದ ಫಲಿತಾಂಶವನ್ನು ವೃತ್ತಿಯ ಗೌಪ್ಯತೆಯ ಕಾರಣದಿಂದ ಇಲ್ಲಿ ಕೊಡುತ್ತಿಲ್ಲ.

ಮಾತು ತಿರುಗಿಸುವ ಈ ವಿದ್ಯೆಯನ್ನು 1966ರ ಹೊತ್ತಿಗೇ ಎಂಐಟಿಯ ಜೋಸೆಫ್ ವೈಜೆನ್‌ಬಾಮ್ ಕಂಪ್ಯೂಟರಿಗೆ ಕಲಿಸಿಬಿಟ್ಟಿದ್ದರು. ಅದರ ಹೆಸರು ಎಲಿಜಾ. ಅವರ ಕಾರ್ಯದರ್ಶಿ ಅದರೊಡನೆ ಟೈಪು ಮಾಡುತ್ತಾ ಮಾತಿಗೆ ಕೂತವಳು, ಸ್ವಲ್ಪ ಹೊತ್ತಿಗೆ ಅವರನ್ನೇ ಕೋಣೆಯಿಂದ ಹೊರಗೆ ಹೋಗಿ ಎಂದಳಂತೆ. ನನ್ನ ಕೆಲಸವನ್ನು ಯಂತ್ರ ಕಿತ್ತುಕೊಂಡ ಬಗ್ಗೆ ನನಗೆ ಬೇಸರವಿಲ್ಲ. ಆದರೆ ಅದಕ್ಕೆ ಒಂದು ಬಾಗಿಲು ಮುಚ್ಚುವ ಕೋಣೆಯಾದರೂ ಇತ್ತು. ನಮ್ಮ ಕಾಲೇಜಿನ ‘ಆಪ್ತಸಮಾಲೋಚನಾ ಕೋಶ’ ಇರುವುದು ಕ್ರೀಡಾ ಸಾಮಗ್ರಿಯ ಕೋಣೆಯಲ್ಲಿ. ಯಾರಾದರೂ ಮನಸ್ಸು ಬಿಚ್ಚುವ ಹೊತ್ತಿಗೆ ಸರಿಯಾಗಿ ವಾಲಿಬಾಲಿಗೆ ಗಾಳಿ ಹೊಡೆಯುವ ಪಂಪು ಹುಡುಕಿಕೊಂಡು ಇನ್ಯಾರಾದರೂ ಬರುತ್ತಾರೆ.

ಬಡ್ತಿಯ ದಾರಿಯೂ ಕಿವಿಗಿಂತ ಬಾಯಿಗೇ ಅನುಕೂಲ. 2010ರಲ್ಲಿ ಯುಜಿಸಿ ಅಂಕ ಎಣಿಸುವ ಪದ್ಧತಿ ತಂದ ಮೇಲೆ ನಾನೂ ಊರೂರು ಸುತ್ತಿ ಪ್ರಬಂಧ ಓದಿದೆ. ಆಲಿಸುವ ಕಲೆ ಕುರಿತ ವಿಚಾರ ಸಂಕಿರಣದಲ್ಲೇ ತಲಾ ಐದು ನಿಮಿಷ. ಓದಿದವರು ಓದಿದ ಹಾಗೆಯೇ ಸರ್ಟಿಫಿಕೇಟು ಪಡೆದು ಬಸ್‌ಸ್ಟ್ಯಾಂಡಿಗೆ ನಡೆದರು. ನನ್ನ ಸರದಿ ಬಂದಾಗ ಸಭೆಯಲ್ಲಿ ಅಧ್ಯಕ್ಷರು, ಮೈಕಿನವನು, ನನ್ನ ನಂತರ ಓದಬೇಕಾದವರು ಇದ್ದರು. ಅಧ್ಯಕ್ಷರು ಗಡಿಯಾರ ನೋಡುತ್ತಿದ್ದರು.

ಹೋದ ವರ್ಷ ಕಾಲೇಜಿನ ಗುಣಮಟ್ಟ ಅಳೆಯುವ ನ್ಯಾಕ್ ತಂಡ ಬರುವುದಿತ್ತು. ಪ್ರಾಂಶುಪಾಲರು ಕರೆಸಿ, ‘ಕೋಶದ ಫಲಾನುಭವಿಗಳ ಪಟ್ಟಿ, ಜಿಯೋ ಟ್ಯಾಗ್ ಫೋಟೋ ಬೇಕು’ ಎಂದರು. ಸಮಾಲೋಚನೆ ಗೌಪ್ಯ, ಫೋಟೋ ತೆಗೆಯುವಂತಿಲ್ಲ ಎಂದೆ. ‘ಗೌಪ್ಯವಾಗಿ ತೆಗೀರಿ’ ಎಂದರು.

ವಿದ್ಯಾರ್ಥಿಗಳನ್ನು ಕೂರಿಸಲು ಮನಸ್ಸು ಬರಲಿಲ್ಲ. ನಮ್ಮ ಅಟೆಂಡರನ್ನು ಬೆನ್ನು ಮಾತ್ರ ಕಾಣುವಂತೆ ಎದುರಿಗೆ ಕೂರಿಸಿಕೊಂಡೆ. ಒಬ್ಬ ಹುಡುಗ ಮೊಬೈಲ್ ಹಿಡಿದು ನಿಂತ. ‘ಸಾರ್, ಅಲ್ಲಾಡಬೇಡಿ, ಒಳಗೆ ಜಿಪಿಎಸ್ ಹಿಡೀತಿಲ್ಲ’ ಎಂದು ಕಿಟಕಿಯ ಕಡೆ ಸರಿದ. ಅಟೆಂಡರ್ ಸುಮ್ಮನೆ ಕೂತಿದ್ದ. ‘ಏನಾದರೂ ಮಾತಾಡಯ್ಯಾ, ಸಹಜವಾಗಿ ಬರಲಿ’ ಎಂದೆ.

‘ಏನ್ ಮಾತಾಡ್ಲಿ ಸಾರ್... ಮಗಳಿಗೆ ರಾಯಚೂರಲ್ಲಿ ಅಗ್ರಿ ಬಿಎಸ್ಸಿ ಸೀಟು ಬಂದದೆ. ನಾಳೆ ಚಾಯ್ಸ್ ಒತ್ಬೇಕು. ದುಡ್ಡಿಲ್ಲ ಕಣವ್ವಾ ಅಂದ್ಬಿಟ್ಟೆ. ದುಡ್ಡು ಇಟ್ಟಿವ್ನಿ ಸಾರ್. ಅಷ್ಟು ದೂರ ಕಳ್ಸಕ್ಕೆ ಮನ್ಸಿಲ್ಲ. ಮೂರು ದಿನ ಆಯ್ತು, ನನ್ ಜೊತೆ ಮಾತೇ ಬಿಟ್ಟವ್ಳೆ.’

ನಾಲಿಗೆಯ ತುದಿಗೆ ‘ನೋಡಪ್ಪಾ’ ಬಂದಿತ್ತು. ‘ಸಾರ್, ಅಲ್ಲಾಡಬೇಡಿ’ ಎಂದ ಹುಡುಗ. ನುಂಗಿಕೊಂಡೆ. ಅವನು ಮಗಳು ಹುಟ್ಟಿದ ರಾತ್ರಿಯ ಮಳೆಯಿಂದ ಹಿಡಿದು, ಮೊದಲ ಸಲ ಹಾಸ್ಟೆಲಿಗೆ ಬಿಟ್ಟು ಬಂದ ದಿನ ಬಸ್ಸಿನಲ್ಲಿ ಅತ್ತದ್ದರವರೆಗೆ ಹೇಳಿದ. ಜಿಪಿಎಸ್ ಹಿಡಿಯುವ ಹೊತ್ತಿಗೆ ಕಾಲು ಗಂಟೆಯಾಗಿತ್ತು. ನಾನು ಎರಡು ಸಲ ‘ಹ್ಞೂಂ’ ಎಂದಿದ್ದೆ. ಅವನು ಹೆಗಲ ಮೇಲಿನ ಟವೆಲಿನಲ್ಲಿ ಮುಖ ಒರೆಸಿಕೊಂಡು ಎದ್ದ. ‘ನಿಜ ಹೇಳ್ಬಿಡ್ತೀನಿ ಅವಳಿಗೆ. ಒಳ್ಳೆ ಮಾತು ಹೇಳಿದ್ರಿ ಸಾರ್’ ಎಂದು ಬೆಲ್ಲು ಹೊಡೆಯಲು ಹೋದ.

ಫೋಟೋವನ್ನು ಪ್ರಾಂಶುಪಾಲರಿಗೆ ಕಳಿಸಿದೆ. ಐದೇ ನಿಮಿಷದಲ್ಲಿ ಅವರ ಫೋನು ಬಂತು.

‘ಲೊಕೇಶನ್ ಎಲ್ಲ ಸರಿಯಾಗಿದೆ. ಆದರೆ ನಿಮ್ಮ ಬಾಯಿ ಮುಚ್ಚಿಕೊಂಡಿದೆಯಲ್ಲ ಮೇಷ್ಟ್ರೇ, ಮಾರ್ಗದರ್ಶನ ಮಾಡ್ತಿರೋ ಹಾಗೇ ಕಾಣಲ್ಲ. ಇನ್ನೊಂದು ತೆಗೆಸಿ. ಏನೂ ತೋಚದಿದ್ದರೆ ನೋಡಪ್ಪಾ ಅಂತಲಾದರೂ ಅನ್ನಿ.’