ಅಪ್ಪ ಮನೇಲಿಲ್ಲ

ನಮ್ಮ ಮನೆಯ ಬೀಗದ ಕೈ ಇರುತ್ತಿದ್ದುದು ತುಳಸಿ ಕಟ್ಟೆಯ ಹಿಂದಿನ ಒಡಕು ಹೂಕುಂಡದ ಕೆಳಗೆ. ಮನೆಯವರಿಗೆ, ಹಾಲಿನವನಿಗೆ, ಪಕ್ಕದ ಮನೆಯವರಿಗೆ, ಅವರಲ್ಲಿಗೆ ಬರುವ ನೆಂಟರಿಗೆ ಬಿಟ್ಟರೆ ಬೇರೆ ಯಾರಿಗೂ ಗೊತ್ತಿಲ್ಲದ ಗುಟ್ಟು ಅದು. ಇಂಥ ಸಂಸ್ಕಾರದಲ್ಲಿ ಬೆಳೆದ ನಾನು ಬೆಂಗಳೂರಿಗೆ ಬಂದು ಪ್ರೋಗ್ರಾಂ ಬರೆಯುವವನಾದೆ.

ಕಳೆದ ವರ್ಷ ಕನ್ನಡ ಕಾಗುಣಿತ ತಿದ್ದುವ ತಂತ್ರಾಂಶವೊಂದಕ್ಕೆ ಕೈ ಹಾಕಿದ್ದೆ. ಇನ್ನೂ ಹಸಿ; 'ಹಾಲು' ಅಂತ ಬರೆದರೆ 'ಹಾಳು' ಅಂತ ತಿದ್ದುತ್ತಿತ್ತು. ನಾಲ್ಕು ಜನರ ಮುಂದೆ ಇಡುವಂತಿರಲಿಲ್ಲ, ಆದರೆ ಮೈಸೂರಿನ ಗೆಳೆಯನಿಗೆ ತೋರಿಸಬೇಕಿತ್ತು. ನನ್ನ ಬಾಡಿಗೆ ಸರ್ವರ್‌ನಲ್ಲಿ 'ಹಳೇ ಬಿಲ್ಲುಗಳು' ಎಂಬ ಫೋಲ್ಡರ್ ಮಾಡಿ ಸೋರ್ಸ್ ಕೋಡನ್ನೆಲ್ಲ ಅದಕ್ಕೆ ಸುರಿದೆ. ಅವನಿಗೆ ಅನುಕೂಲವಾಗಲಿ ಎಂದು ಕಡತಗಳ ಪಟ್ಟಿಯೂ ಕಾಣುವ ಹಾಗೆ ಮಾಡಿದೆ. ಹಳೇ ಬಿಲ್ಲನ್ನು ಯಾರು ನೋಡುತ್ತಾರೆ? ನನ್ನ ಆಡಿಟರೇ ನೋಡುವುದಿಲ್ಲ.

ಸಾಲದ್ದಕ್ಕೆ ರೋಬೋಟ್ಸ್ ಡಾಟ್ ಟಿಎಕ್ಸ್‌ಟಿ ಎಂಬ ಚೀಟಿಯನ್ನೂ ಬರೆದಿಟ್ಟೆ. 1994ರಿಂದ ನಡೆದುಬಂದ ಪದ್ಧತಿ ಇದು. ಹುಡುಕಾಟದ ಬಾಟ್‌ಗಳು ಬಾಗಿಲಲ್ಲಿ ಮೊದಲು ಈ ಚೀಟಿ ಓದುತ್ತವೆ. 'ಇತ್ತ ಬರಬೇಡಿ' ಅಂದರೆ ಮರ್ಯಾದೆಯಿಂದ ಮುಂದೆ ಹೋಗುತ್ತವೆ. ಒಂದು ಕಾಲಕ್ಕೆ ನಮ್ಮ ಬಾಗಿಲುಗಳ ಮೇಲಿರುತ್ತಿದ್ದ 'ನಾಳೆ ಬಾ' ಇದ್ದ ಹಾಗೆ. ಓದು ಬಲ್ಲ, ಮಾತಿಗೆ ಬೆಲೆ ಕೊಡುವ ದೆವ್ವಕ್ಕೆ ಮಾತ್ರ ಅದು ನಾಟುತ್ತದೆ. ಈ ಚೀಟಿಯನ್ನು ಕಳ್ಳನೂ ಓದಬಹುದು ಎಂದು ನನಗೆ ಗೊತ್ತಿತ್ತು. ಗೊತ್ತಿದ್ದೂ 'ಹಳೇ ಬಿಲ್ಲುಗಳ ಕಡೆ ಹೋಗಬೇಡಿ' ಅಂತ ಬರೆದೆ. ಕುಂಬಳಕಾಯಿ ಕಳ್ಳ ಅನ್ನುವ ಮೊದಲೇ ಹೆಗಲು ಮುಟ್ಟಿಕೊಂಡವನು ನಾನು.

ಒಂದು ಭಾನುವಾರ ಸರ್ವರ್‌ನ ಲಾಗ್ ತೆರೆದೆ. ರಾತ್ರಿ 2 ಗಂಟೆ 17 ನಿಮಿಷಕ್ಕೆ ಯಾರೋ ಬಂದು 'ಬ್ಯಾಕಪ್ ಜಿಪ್ ಇದೆಯಾ?' ಎಂದು ಕೇಳಿದ್ದಾರೆ. 404, ಅಂದರೆ ಇಲ್ಲ. 'ವರ್ಡ್‌ಪ್ರೆಸ್ ಲಾಗಿನ್?' 404. 'ಅಡ್ಮಿನ್?' 403. ಆಮೇಲೆ ನನ್ನ ಚೀಟಿ ಓದಿದ್ದಾರೆ. ಓದಿದ ಮರುಕ್ಷಣವೇ 'ಹಳೇ ಬಿಲ್ಲುಗಳು'. 200. ಅಂದರೆ 'ಬನ್ನಿ, ಕೂತ್ಕೊಳ್ಳಿ'.

ಈ 403 ಸ್ವಾರಸ್ಯದ್ದು. ಇದೆ, ಆದರೆ ಒಳಗೆ ಬಿಡಲ್ಲ ಅನ್ನುವ ಧಾಟಿ ಅದರದು. ಸಾಲ ಕೊಟ್ಟವರು ಬಂದಾಗ ನನ್ನ ತಮ್ಮ ಬಾಗಿಲಿಗೆ ಓಡಿಹೋಗಿ, 'ಅಪ್ಪ ಮನೇಲಿಲ್ಲ ಅಂತ ಹೇಳು ಅಂದ್ರು' ಎಂದಿದ್ದ. ಅಪ್ಪಟ 403. ಜನ ತಮ್ಮ ಕೋಡ್ ಇಡುವ ತಾಣ ಗಿಟ್‌ಹಬ್ ಈ ವಿಷಯದಲ್ಲಿ ತಮ್ಮನಿಗಿಂತ ಜಾಣ. ಖಾಸಗಿಯಾಗಿಟ್ಟ ಕೋಡನ್ನು ಹೊರಗಿನವರು ಕೇಳಿದರೆ 404 ಅಂದುಬಿಡುತ್ತದೆ. ಅಪ್ಪ ಎಂಬುವರೇ ಈ ಮನೆಯಲ್ಲಿಲ್ಲ.

ಆದರೆ ಖಾಸಗಿಯಾಗಿಟ್ಟರೆ ಮಾತ್ರ. 2022ರ ಅಕ್ಟೋಬರ್‌ನಲ್ಲಿ ಟೊಯೋಟಾ ತಾನೇ ಬಾಯಿಬಿಟ್ಟ ಕಥೆ ಕೇಳಿ. ಕಾರನ್ನು ಇಂಟರ್ನೆಟ್ಟಿಗೆ ಜೋಡಿಸುವ ಅದರ ಟಿ-ಕನೆಕ್ಟ್ ಸೇವೆಯ ಸೋರ್ಸ್ ಕೋಡಿನ ಒಂದು ಭಾಗವನ್ನು ಗುತ್ತಿಗೆಯವರು 2017ರ ಡಿಸೆಂಬರ್‌ನಲ್ಲಿ ಗಿಟ್‌ಹಬ್‌ಗೆ ಹಾಕಿದ್ದರು, ಎಲ್ಲರಿಗೂ ಕಾಣುವ ಹಾಗೆ. ಗೊತ್ತಾದದ್ದು 2022ರ ಸೆಪ್ಟೆಂಬರ್‌ನಲ್ಲಿ. ಕೋಡಿನೊಳಗೇ ಸರ್ವರ್‌ನ ಕೀಲಿ. ಸರ್ವರ್‌ನಲ್ಲಿ ಗ್ರಾಹಕರ 2,96,019 ಇಮೇಲ್ ವಿಳಾಸ. ಹೂಕುಂಡ ಜಪಾನಿನಲ್ಲೂ ಇದೆ ಎಂದು ತಿಳಿದು ಒಂದು ಕ್ಷಣ ಸಮಾಧಾನವಾಯಿತು.

ಗೆಳೆಯನಿಗೆ ಫೋನ್ ಮಾಡಿದೆ. "ಕೋಡ್ ಹೋದರೆ ಹೋಗಲಿ, ಕದ್ದವನೇ ಪಾಪ. ಅದರೊಳಗೆ ಪಾಸ್‌ವರ್ಡ್ ಬರೆದಿದ್ದೆಯಾ?" ಎಂದ.

"ಬರೆದಿದ್ದೆ, ಮಾರನೇ ದಿನವೇ ಅಳಿಸಿದೆ."

"ಗಿಟ್ ಫೋಲ್ಡರ್ ಸಮೇತ ಸುರಿದಿದ್ದೀಯಲ್ಲ ಮಾರಾಯ! ಅದು ಶಾನುಭೋಗರ ಲೆಕ್ಕದ ಪುಸ್ತಕ ಇದ್ದ ಹಾಗೆ. ಹೊಡೆದು ಹಾಕಿದ್ದೂ ಓದಲಿಕ್ಕೆ ಬರುತ್ತೆ."

ಅವತ್ತೇ ಪಾಸ್‌ವರ್ಡ್ ಬದಲಿಸಿ, ಫೋಲ್ಡರಿಗೆ ನಿಜವಾದ ಬೀಗ ಹಾಕಿದೆ. ನಿಮ್ಮದೂ ಎಲ್ಲಾದರೂ ಒಂದು 'ಹಳೇ ಬಿಲ್ಲುಗಳು' ಇದ್ದರೆ, ಲಾಗಿನ್ ಆಗಿರದ ಬೇರೆಯವರ ಫೋನಿನಲ್ಲಿ ಅದರ ವಿಳಾಸ ಹಾಕಿ ನೋಡಿ. 'ಬನ್ನಿ, ಕೂತ್ಕೊಳ್ಳಿ' ಅಂದರೆ ಮೊದಲು ಪಾಸ್‌ವರ್ಡ್ ಬದಲಿಸಿ, ಅಳಿಸುವುದು ಆಮೇಲೆ.