ತಾಳ ಹಿಡಿದವನಿಗೂ ಒಂದು ಶಾಲು

ಅಮೆರಿಕದ ಗ್ರ್ಯಾಮಿ ಸಂಗೀತ ಪ್ರಶಸ್ತಿ 1959ರಲ್ಲಿ ಶುರುವಾದಾಗ ಇದ್ದದ್ದು 28 ವಿಭಾಗ. ಮಕ್ಕಳು ಮದುವೆಯಾದಂತೆಲ್ಲ ಮನೆಗೆ ಒಂದೊಂದು ಖೋಲಿ ಕಟ್ಟಿಸಿದ ಹಾಗೆ ವಿಭಾಗಗಳನ್ನು ಸೇರಿಸುತ್ತ ಸೇರಿಸುತ್ತ 109 ಮುಟ್ಟಿಸಿದರು. 2011ರಲ್ಲಿ ಗಟ್ಟಿ ಮನಸ್ಸು ಮಾಡಿ 78ಕ್ಕೆ ಇಳಿಸುವ ತೀರ್ಮಾನಕ್ಕೆ ಬಂದರು. 2024ರ ಹೊತ್ತಿಗೆ ಮತ್ತೆ 94! ಬಹುಮಾನ ಕೊಡುವುದು ಸುಲಭ, ಕೊಡುವುದನ್ನು ನಿಲ್ಲಿಸುವುದು ಕಷ್ಟ. ಮರಳಿ ಎಂಬ ಊರಿನವರಾದ ನಮಗೆ ಇದನ್ನು ಅಮೆರಿಕದವರು ಹೇಳಿಕೊಡಬೇಕಾಗಿಲ್ಲ.

ನಮ್ಮೂರ ಭಜನಾ ಸ್ಪರ್ಧೆಯ ಪಾಂಪ್ಲೆಟಿನಲ್ಲಿ ಮೊದಲು ಇರುತ್ತಿದ್ದದ್ದು ಪ್ರಥಮ, ದ್ವಿತೀಯ, ತೃತೀಯ ಮಾತ್ರ. ಆಮೇಲೆ ಸಮಾಧಾನಕರ ಬಂತು. ಒಬ್ಬರಿಗೆ ಸಮಾಧಾನವಾದರೆ ಉಳಿದವರಿಗೆ ಅಸಮಾಧಾನ. ಹಾಗಾಗಿ ಉತ್ತಮ ತಬಲಾ, ಉತ್ತಮ ಹಾರ್ಮೋನಿಯಂ, ಉತ್ತಮ ತಾಳ, ಬಾಲಪ್ರತಿಭೆ, ಶಿಸ್ತಿನ ತಂಡ, ದೂರದಿಂದ ಬಂದ ತಂಡ. ಅಕ್ಷರ ದುಂಡಗಿವೆ ಎಂಬ ಒಂದೇ ಅರ್ಹತೆಯ ಮೇಲೆ ಪ್ರಶಸ್ತಿಪತ್ರ ಬರೆಯುವ ಕೆಲಸ ನನ್ನದು. ಗಂಗಾವತಿಯಲ್ಲಿ ಅಚ್ಚಾದ ಆ ಪತ್ರದಲ್ಲಿ ವಿಭಾಗಕ್ಕೆ ಬಿಟ್ಟ ಚುಕ್ಕಿಗಳ ಜಾಗ ಮೂರು ಬೆರಳಿನಷ್ಟು. ‘ಪ್ರಥಮ’ಕ್ಕೆ ಅದು ಧಾರಾಳ. ‘ದೂರದಿಂದ ಬಂದ ಶಿಸ್ತಿನ ತಂಡ’ ಎಂದು ಬರೆಯಹೊರಟರೆ ‘ತಂಡ’ ಅಂಚಿನ ಬಳ್ಳಿ ಹತ್ತಿ ಹೂವಿನ ನಡುವೆ ಕೂರುತ್ತದೆ.

ನಿರ್ಣಾಯಕರು ಗದಗಿನ ಪುಣ್ಯಾಶ್ರಮದಲ್ಲಿ ಕಲಿತ ಗವಾಯಿಗಳು. ಶ್ರುತಿ, ಲಯ, ಸಾಹಿತ್ಯ ಎಂದು ಅಂಕ ಹಾಕಿ ಅವರು ಹಾಳೆ ಮಡಚಿ ಕೊಡುತ್ತಾರೆ. ಹಾಳೆ ಬಿಚ್ಚುವ ಕಮಿಟಿ ಹಿರಿಯರಿಗೆ ಬೇರೆಯೇ ಲೆಕ್ಕ.

“ಮಾಸ್ತರ್ರ, ಆ ಓಣಿಯವ್ರಿಗೆ ಏನೂ ಬಂದಿಲ್ಲಲ್ರಿ?”

“ಅವರು ಶ್ರುತಿ ಬಿಟ್ಟು ಹಾಡಿದ್ರಲ್ರಿ ಕಾಕಾ.”

“ಶ್ರುತಿ ಬಿಟ್ರ ಬಿಡ್ಲಿ, ಮುಂದಿನ ವರ್ಸ ಪಟ್ಟಿ ಕೊಡೋದು ಬಿಟ್ರ? ಏನರ ಒಂದು ವಿಭಾಗ ಹುಡುಕ್ರಿ.”

ಹುಡುಕಿದೆವು. ‘ಅತಿ ಹೆಚ್ಚು ಸದಸ್ಯರಿರುವ ತಂಡ.’

ಗ್ರ್ಯಾಮಿಯವರು ಹಾಡು ಬರೆದವರಿಗೆ ಒಂದು, ಅದರ ಧ್ವನಿಮುದ್ರಣಕ್ಕೆ ಇನ್ನೊಂದು ಪ್ರಶಸ್ತಿ ಕೊಡುತ್ತಾರೆಂದು ಕಾಕಾನಿಗೆ ಹೇಳಿದ್ದೇ ತಪ್ಪಾಯಿತು ನೋಡಿ, ನಮ್ಮಲ್ಲೂ ‘ಉತ್ತಮ ಸಾಹಿತ್ಯ’ ಸೇರಿಕೊಂಡಿತು. ಅಂದು ಎಲ್ಲರ ಮನ ಗೆದ್ದ ತತ್ವಪದ ಶಿಶುನಾಳ ಶರೀಫರದು. ಅವರು 1889ರಲ್ಲೇ ತೀರಿಕೊಂಡಿದ್ದರಿಂದ ಒಂದು ಶಾಲು ಉಳಿಯಿತು. ಪುಣ್ಯಕ್ಕೆ ಉಳಿದ ಶಾಲಿಗೆ ಹೆಗಲು ಹುಡುಕುವುದು ನಮ್ಮೂರಲ್ಲಿ ಕಷ್ಟದ ಕೆಲಸವಲ್ಲ.

ವಿಭಾಗ ಹೆಚ್ಚಾದಷ್ಟೂ ಹಾಡು ಯಾವುದಕ್ಕೆ ಸೇರಬೇಕೆಂಬ ಜಗಳವೂ ಹೆಚ್ಚು. 1989ರಲ್ಲಿ ಗ್ರ್ಯಾಮಿಯವರು ಹಾರ್ಡ್ ರಾಕ್, ಮೆಟಲ್ ಎಂಬ ಅಬ್ಬರದ ಸಂಗೀತಕ್ಕೆ ಮೊದಲ ಸಲ ವಿಭಾಗ ತೆರೆದರು. ಮೆಟಾಲಿಕಾ ತಂಡಕ್ಕೇ ಎಂದು ಎಲ್ಲರೂ ಅಂದುಕೊಂಡಿದ್ದರೆ, ಕೊಳಲಿಗೆ ಹೆಸರಾದ ಜೆಥ್ರೋ ಟಲ್ ತಂಡಕ್ಕೆ ಬಂತು. ಜಗತ್ತು ನಕ್ಕಿತು. ಕಾಕಾ ನಗಲಿಲ್ಲ. “ಕೊಳಲು ಹಿಡಕೊಂಡು ಬಂದಾವನ್ನ ಬರಿಗೈಲೆ ಕಳಸಾಕ ಬರತೈತೇನ್ರಿ?” ಎಂದ. ಬೆಂಗಳೂರಿನ ರಿಕಿ ಕೇಜ್ ಅವರ ‘ಡಿವೈನ್ ಟೈಡ್ಸ್’ ಎಂಬ ಒಂದೇ ಆಲ್ಬಂ 2022ರಲ್ಲಿ ಒಂದು ವಿಭಾಗದಲ್ಲಿ, 2023ರಲ್ಲಿ ಇನ್ನೊಂದು ವಿಭಾಗದಲ್ಲಿ ಗೆದ್ದದ್ದಂತೂ ಅವನಿಗೆ ಥಟ್ಟನೆ ತಿಳಿಯಿತು. ನಮ್ಮೂರ ತಂಡವೊಂದು ಹೋದ ವರ್ಷ ತಬಲಾಕ್ಕೆ, ಈ ವರ್ಷ ಶಿಸ್ತಿಗೆ ತೆಗೆದುಕೊಂಡಿದೆಯಲ್ಲ!

ಡಿಸ್ಕೋ ಸಂಗೀತಕ್ಕೆ ಮಾತ್ರ ಅವರು 1980ರಲ್ಲಿ ಒಂದೇ ಒಂದು ಸಲ ಪ್ರಶಸ್ತಿ ಕೊಟ್ಟು ಬಾಗಿಲು ಹಾಕಿಬಿಟ್ಟರು. ವಿಭಾಗ ಹುಟ್ಟುವಷ್ಟರಲ್ಲಿ ಡಿಸ್ಕೋದ ಕಾವು ಇಳಿದಿತ್ತು. ಇದನ್ನು ಓದಿದಾಗ ನನಗೆ ನೆನಪಾದದ್ದು ನಮ್ಮ ಹಂತಿ ಪದ. ನಮ್ಮಲ್ಲಿ ಹಾಡಿಗೆ ವಿಭಾಗ ಮಾಡಿದ್ದು ಕಮಿಟಿಯಲ್ಲ, ಕೆಲಸ. ಬೀಸುವಾಗ ಬೀಸೋ ಪದ, ಕುಟ್ಟುವಾಗ ಕುಟ್ಟೋ ಪದ, ಮದುವೆ ಮನೆಗೆ ಸೋಬಾನ, ಮೊಹರಂಗೆ ರಿವಾಯತ್. ಕುಷ್ಟಗಿ, ಯಲಬುರ್ಗಾ ಕಡೆ ಜೋಳದ ಕಣದಲ್ಲಿ ಮೇಟಿ ನೆಟ್ಟು, ಎತ್ತುಗಳನ್ನು ಸಾಲಾಗಿ ಹೂಡಿ ತೆನೆ ತುಳಿಸುತ್ತ ರಾತ್ರಿಯಿಡೀ ಹಾಡುತ್ತಿದ್ದದ್ದು ಹಂತಿ ಪದ. ನಿದ್ದೆ ಎತ್ತಿಗೂ ಬರಬಾರದು, ಹೊಡೆಯುವವನಿಗೂ ಬರಬಾರದು. ಗಿರಣಿ ಬಂದು ಬೀಸೋ ಪದ ನಿಂತಿತು, ರಾಶಿ ಮಷಿನ್ ಬಂದು ಹಂತಿ ಮುಗಿಯಿತು. ಎಡದಂಡೆ ಕಾಲುವೆಯ ನೀರಲ್ಲಿ ಭತ್ತ ಬೆಳೆಯುವ ನಮ್ಮ ಕಡೆಯಂತೂ ಮಷಿನ್ನೇ ಕೊಯ್ದು, ಬಡಿದು, ಕಾಳು ಸುರಿದು ಹೋಗುತ್ತದೆ. ಅದರ ಸದ್ದಿನಲ್ಲಿ ಹಾಡುವುದಿರಲಿ, ಬೈದರೂ ಕೇಳಿಸದು.

ಹಂತಿ ಪದಕ್ಕೂ ಒಂದು ಬಹುಮಾನ ಇಡೋಣ ಎಂದೆ. ಇಟ್ಟರು. ಹಾಡಿದ ಮುದುಕ ಒಬ್ಬನೇ, ಪ್ರಥಮ ಬಹುಮಾನವೂ ಅವನಿಗೇ. ಆದರೆ ನಿಂತಲ್ಲೇ ಹಾಡು ಬರುವುದಿಲ್ಲವೆಂದು ವೇದಿಕೆಯ ಮೇಲೆ ಮೈಕ್ ಸ್ಟ್ಯಾಂಡನ್ನೇ ಮೇಟಿ ಮಾಡಿಕೊಂಡು ಸುತ್ತತೊಡಗಿದ. ಮೂರನೇ ಸುತ್ತಿಗೆ ವೈರು ಕಾಲಿಗೆ ಸುತ್ತಿತು. ಅಂದಿನ ರಾತ್ರಿಯ ಅತ್ಯುತ್ತಮ ಹಾಡು ಅದೇ ಎಂಬುದು ನನ್ನ ಖಾಸಗಿ ತೀರ್ಪು, ಪತ್ರದಲ್ಲಿ ಅದಕ್ಕೆ ಜಾಗವಿರಲಿಲ್ಲ.

ಗ್ರ್ಯಾಮಿಯ ಬಹುಪಾಲು ಪ್ರಶಸ್ತಿಗಳನ್ನು ಟಿವಿಯ ಅಬ್ಬರ ಶುರುವಾಗುವ ಮೊದಲೇ, ಮಧ್ಯಾಹ್ನದಲ್ಲಿ ಹಂಚಿ ಮುಗಿಸುತ್ತಾರೆ. ನಮ್ಮಲ್ಲಿ ತಿರುಗುಮುರುಗು. ಶಾಮಿಯಾನ ತುಂಬಿದ ರಾತ್ರಿ ಒಂಬತ್ತಕ್ಕೆ ದಾನಿಗಳ ಸನ್ಮಾನ. ಹಾಡಿದವರಿಗೆ ಬಹುಮಾನ ಬೆಳಗಿನ ಜಾವ, ಜನ ಚಾಪೆಯ ಮೇಲೆ ಮಗ್ಗುಲು ಬದಲಿಸುವಾಗ. ಧ್ವನಿ ತಂತ್ರಜ್ಞರಿಗೂ ಗ್ರ್ಯಾಮಿಯಲ್ಲಿ ವಿಭಾಗ ಉಂಟೆಂದು ತಿಳಿದಿದ್ದರಿಂದ ಈ ಸಲ ಮೈಕ್ ಸೆಟ್ಟಿನವನನ್ನೂ ವೇದಿಕೆಗೆ ಕರೆದೆವು. ಅವನು ಶಾಲು ಹೊದೆಸಿಕೊಳ್ಳುತ್ತಿದ್ದಾಗ ಆಂಪ್ಲಿಫೈಯರ್ ಹತ್ತಿರ ಯಾರೂ ಇಲ್ಲದೆ ಹಾರ್ನ್‌ಗಳೆಲ್ಲ ಒಮ್ಮೆಲೇ ಕುಂಯ್ಯೆಂದವು. ಮಲಗಿದ್ದವರೆಲ್ಲ ಎದ್ದು ಕೂತರು. ಅವನು ಕೊರಳ ಹಾರದ ಸಮೇತ ಓಡಿದ. ಅಷ್ಟರಲ್ಲಿ ಕರೆಂಟೂ ಹೋಯಿತು. ಜನರೇಟರ್ ಎರಡು ಸಲ ಕೆಮ್ಮಿ ಸುಮ್ಮನಾಯಿತು.

ಕತ್ತಲಲ್ಲೇ ಕಾಕಾ ನನ್ನ ಕಿವಿಯ ಹತ್ತಿರ ಬಂದ. “ಮಾಸ್ತರ್ರ, ಆ ಜನರೇಟರ್‌ದಾವನ ಹೆಸರ್ಲೆ ಒಂದು ಪತ್ರ ಲಗೂನ ಬರೀರಿ. ಡೀಸೆಲ್ ಕ್ಯಾನ್ ಮ್ಯಾಲೆ ಕುಂತಾನ, ಏಳವಲ್ಲ.”