ಬೆಳ್ಳುಳ್ಳಿ ಬಿದ್ದರೆ ಕೊದ್ದೆಲು

ತೆಂಗಿನಕಾಯಿ, ಹುರಿದ ಬ್ಯಾಡಗಿ ಮೆಣಸು, ಹುಣಸೆಹುಳಿ. ಈ ಮೂರನ್ನೂ ನುಣ್ಣಗೆ ರುಬ್ಬಿ, ಬೆಂದ ಕಾಳಿಗೋ ತರಕಾರಿಗೋ ಸೇರಿಸಿ ಕುದಿಸಿದರೆ ಕೊಂಕಣಿ ಮನೆಯ ಅಡುಗೆ ಮುಕ್ಕಾಲು ಪಾಲು ಮುಗಿದಂತೆ. ಆದರೆ ಅಲ್ಲಿಯವರೆಗೂ ಆ ಪಾತ್ರೆಯಲ್ಲಿರುವುದಕ್ಕೆ ಹೆಸರಿಲ್ಲ. ತೆಂಗಿನೆಣ್ಣೆಯಲ್ಲಿ ಜಜ್ಜಿದ ಬೆಳ್ಳುಳ್ಳಿ ಕೆಂಪಾಗಿ ಬಿದ್ದರೆ ಕೊದ್ದೆಲು. ಸಾಸಿವೆ, ಕರಿಬೇವು ಸಿಡಿದರೆ ಗಶಿ. ಈರುಳ್ಳಿ ಹುರಿದು ಸುರಿದರೆ ಆಂಬಟ್. ಹಳೆಯ ಸಾಫ್ಟ್‌ವೇರಿಗೇ ಒಂದು ಗುಂಡಿ ಹೆಚ್ಚಿಗೆ ಅಂಟಿಸಿ ಹೊಸ ಹೆಸರಿನಲ್ಲಿ ಮಾರುವ ವೈಟ್‌ಫೀಲ್ಡಿನಲ್ಲಿ ಸಂಬಳ ತಿನ್ನುವ ನನಗೆ ಇದು ಚೆನ್ನಾಗಿ ಅರ್ಥವಾಗುತ್ತದೆ.

ಕಾರ್ಕಳದಲ್ಲಿರುವ ಅಮ್ಮನಿಗೆ ಮಾತ್ರ ಇದು ವ್ಯಾಪಾರವಲ್ಲ, ಶಾಸ್ತ್ರ. ಫೋನಿನಲ್ಲೇ ಚಟಪಟ ಸದ್ದು ಕೇಳಿಸಿಕೊಂಡು, "ಕೊದ್ದೆಲಿಗೆ ಸಾಸಿವೆ ಹಾಕಿದೆಯಾ?" ಎಂದು ವಿಚಾರಣೆ ಶುರುಮಾಡುವವಳು.

ನನ್ನ ಹೆಂಡತಿ ಮಂಡ್ಯದವಳು. ಅವಳ ಕಣ್ಣಿಗೆ ಕೊದ್ದೆಲು, ಗಶಿ, ಆಂಬಟ್ ಎಲ್ಲವೂ "ಅದೇ ಕೆಂಪುಸಾರು ಕಣ್ರೀ". ನಾನೇನು ಕಡಿಮೆ? ಬಸ್ಸಾರು, ಉಪ್ಸಾರು, ಮಸ್ಸೊಪ್ಪುಗಳ ನಡುವೆ ಅವಳು ಕಾಣುವ ಗಡಿರೇಖೆ ನನಗೆ ಈವರೆಗೂ ಕಂಡಿಲ್ಲ. ಸೊಪ್ಪು ಬಸಿದ ಕಟ್ಟಿಗೆ ಖಾರ ರುಬ್ಬಿ ಹಾಕಿದರೆ ಒಂದು ಹೆಸರು, ಖಾರವನ್ನು ಪಕ್ಕದಲ್ಲಿ ಬಡಿಸಿದರೆ ಇನ್ನೊಂದು ಹೆಸರಂತೆ. ಮುದ್ದೆ ನುಂಗುವ ಅವಸರದಲ್ಲಿ ಇದನ್ನೆಲ್ಲ ನೋಡುವವರಾರು?

ಶ್ರಾವಣದಲ್ಲಿ ಅಮ್ಮ ರಾತ್ರಿ ಬಸ್ಸಿಗೆ ಬಂದಳು. ಚೀಲದಲ್ಲಿ ತೆಂಗಿನಕಾಯಿ, ಕುಚ್ಚಲಕ್ಕಿ, ಉಪ್ಪುನೀರಿನ ಹಲಸಿನ ಸೊಳೆ ಎಲ್ಲ ಇತ್ತು. ಪತ್ರೊಡೆಗೆ ಬೇಕಾದ ಕೆಸುವಿನ ಎಲೆ ಮಾತ್ರ ಇರಲಿಲ್ಲ. "ಎಲೆ ಎಲ್ಲ ಕಡೆ ಸಿಗ್ತದಲ್ಲ" ಎಂಬ ಕರಾವಳಿಯ ಧೈರ್ಯ. 1882ರಲ್ಲಿ ಮೈಸೂರಿನ ಚಾಮರಾಜ ಒಡೆಯರು ಆಂಗ್ಲೋ ಇಂಡಿಯನ್ನರಿಗೆ ಬೇಸಾಯ ಮಾಡಿಕೊಂಡಿರಿ ಎಂದು ಕೊಟ್ಟ ಭೂಮಿ ಈ ವೈಟ್‌ಫೀಲ್ಡು. ಈಗ ಇಲ್ಲಿ ಬೆಳೆಯುವುದು ಅಪಾರ್ಟ್‌ಮೆಂಟು ಮಾತ್ರ. ವರ್ತೂರು ಕೆರೆಯ ಅಂಚಿನಲ್ಲಿ ಹಸಿರು ಕಂಡು ಅಮ್ಮನ ಕಣ್ಣರಳಿತು. ಈ ಕೆರೆ ನೊರೆ ಉಕ್ಕಿಸುವುದೆಂದೂ, ಇದಕ್ಕೆ ನೀರು ಹರಿಸುವ ಬೆಳ್ಳಂದೂರು ಕೆರೆಗೆ 2017ರಲ್ಲಿ ಬೆಂಕಿಯೇ ಹತ್ತಿತ್ತೆಂದೂ ಹೇಳಿದೆ. "ನೀರಿಗೆ ಬೆಂಕಿಯಾ?" ಎಂದವಳು ಸೀದಾ ಕಾರು ಹತ್ತಿದಳು.

ಕೊನೆಗೆ ಮಲ್ಲೇಶ್ವರದ ಎಂಟನೇ ಕ್ರಾಸೇ ಗತಿ. 2023ರಲ್ಲಿ ನೇರಳೆ ಮಾರ್ಗದ ಮೆಟ್ರೊ ವೈಟ್‌ಫೀಲ್ಡ್ ಮುಟ್ಟಿದ್ದು ಐಟಿಯವರಿಗಾಗಿ ಎಂದು ಲೋಕ ನಂಬಿದೆ. ಮೆಜೆಸ್ಟಿಕ್‌ನಲ್ಲಿ ಹಸಿರು ಮಾರ್ಗಕ್ಕೆ ಬದಲಾಯಿಸಿ ಸಂಪಿಗೆ ರಸ್ತೆಯಲ್ಲಿ ಇಳಿದು ಎಲೆ ತರಲಿಕ್ಕೆಂದು ಅಮ್ಮ ನಂಬಿದ್ದಾಳೆ. ವಾಪಸು ಬರುವಾಗ ಕಾಲಿಡಲು ಜಾಗವಿರಲಿಲ್ಲ. ಅಮ್ಮ ಕಟ್ಟನ್ನು ಎದೆಗೊತ್ತಿಕೊಂಡು, "ಕೆಸುವಿನ ಎಲೆ, ತಾಗಿದರೆ ತುರಿಸ್ತದೆ" ಎಂದಳು. ಲ್ಯಾಪ್‌ಟಾಪು ಚೀಲಗಳೆಲ್ಲ ಹಿಂದೆ ಸರಿದವು. ಒಬ್ಬ ಹುಡುಗ ಎದ್ದು ಸೀಟನ್ನೂ ಕೊಟ್ಟ.

ತುರಿಕೆಗೆ ಮದ್ದು ಹುಣಸೆಹುಳಿ. ಅಕ್ಕಿಹಿಟ್ಟಿನ ಜೊತೆ ಅದನ್ನು ಧಾರಾಳವಾಗಿ ರುಬ್ಬಿ, ಎಲೆಯ ಮೇಲೆ ಎಲೆ ಹಚ್ಚಿ ಸುರುಳಿ ಸುತ್ತಿ ಹಬೆಯಲ್ಲಿಟ್ಟು ಅಮ್ಮ ಸ್ನಾನಕ್ಕೆ ಹೋದಳು. ಪಕ್ಕದ ಒಲೆಯಲ್ಲಿ ಸೊಳೆಯೂ ಕಡಲೆಯೂ ಮಸಾಲೆಯಲ್ಲಿ ಕುದಿಯುತ್ತಿದ್ದವು. ಒಗ್ಗರಣೆ ಹೆಂಡತಿಯ ಪಾಲಿಗೆ ಬಂತು. ಅತ್ತೆಗೆ ಯಾವುದರಲ್ಲೂ ಕೊರತೆ ಕಾಣಬಾರದೆಂದು ಸಾಸಿವೆ, ಕರಿಬೇವು, ಈರುಳ್ಳಿ, ಬೆಳ್ಳುಳ್ಳಿ ನಾಲ್ಕನ್ನೂ ಒಟ್ಟಿಗೇ ಹಾಕಿದಳು.

ಎಲೆಗೆ ಬಡಿಸಿದಾಗ ಅಮ್ಮ ಮೂಸಿದಳು. "ಎಂತದಿದು? ಕೊದ್ದೆಲಾ, ಗಶಿಯಾ?"

"ನೀವೇ ಹೇಳಿ, ಅತ್ತೆ."

ಅಮ್ಮ ಒಂದು ತುತ್ತು ತಿಂದಳು. ಇನ್ನೊಂದು ತುತ್ತು ತಿಂದಳು. ತೀರ್ಪು ಬರಲಿಲ್ಲ, ಅನ್ನ ಮಾತ್ರ ಖಾಲಿಯಾಯಿತು. ಆಮೇಲೆ ಪಾತ್ರೆಯ ಕಡೆಗೆ ಗದ್ದ ತೋರಿಸಿ, "ಅದು ಇನ್ನೊಂದು ಸೌಟು ಹಾಕು" ಎಂದಳು.

"ಯಾವುದು, ಅತ್ತೆ?"

"ಅದೇ, ಅದು."

ಹೆಂಡತಿ ಸೌಟು ಎತ್ತಿ ಹಿಡಿದು ಕಾಯುತ್ತ ನಿಂತಳು. "ಹೆಸರು ಹೇಳಿದರೆ ಹಾಕ್ತೀನಿ."